ಎತ್ತಿಗೆ ಜ್ವರ, ಎಮ್ಮೆಗೆ ಬರೆ

"ಹಿಂಬಾಗಿಲು" ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಮೆಡಿಕಲ್ ಸೀಟು, ಸರ್ಕಾರಿ ನೌಕರಿ, ಗ್ಯಾಸ್ ಕನೆಕ್ಷನ್ನು. ನಾನು ಬರೆಯಹೊರಟಿರುವುದು ಆ ಹಿಂಬಾಗಿಲಿನ ಬಗ್ಗೆ ಅಲ್ಲ. (ನನ್ನ ಮೆಡಿಕಲ್ ಸೀಟು ಮುಂಬಾಗಿಲಿನಿಂದಲೇ ಬಂದದ್ದು ಎಂದು ಈಗಲೇ ಸ್ಪಷ್ಟಪಡಿಸಿಬಿಡುತ್ತೇನೆ!) ಇದು ನಮ್ಮ ಮನೆಯ ಹಳೆಯ ಮಿನಿವ್ಯಾನಿನ ಹಿಂಬಾಗಿಲಿನ ಕಥೆ. ಗುಂಡಿ ಒತ್ತಿದರೆ ತಾನಾಗಿಯೇ ಏಳುವ, ಮತ್ತೊಮ್ಮೆ ಒತ್ತಿದರೆ ತಾನಾಗಿಯೇ ಮುಚ್ಚಿಕೊಳ್ಳುವ ಬಾಗಿಲು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಮಿನಿವ್ಯಾನಿನ ಮಹಿಮೆಯನ್ನು ನಾನು ವಿವರಿಸಬೇಕಾಗಿಲ್ಲ. ನಮ್ಮದು 2010ರ ಮಾಡೆಲ್. ಮಗಳಿಗೆ ಆರು ವರ್ಷ, ಮಗ ಇನ್ನೂ ತೊಟ್ಟಿಲಲ್ಲಿದ್ದಾಗ ಕೊಂಡದ್ದು. ಅದರ ಹಿಂಬದಿಯಲ್ಲಿ ಏನೇನು ಹೋಗಿಲ್ಲ ಹೇಳಿ! ಮಗುವಿನ ಸ್ಟ್ರಾಲರ್, ಆಮೇಲೆ ಸಾಕರ್ ಚೆಂಡು, ಆಮೇಲೆ ಮೃದಂಗ, ನಮ್ಮ ಕೂಟದ ಸ್ಪೀಕರುಗಳು, ನಾಟಕದ ಸಿಂಹಾಸನ, ಎಂಬತ್ತು ಜನರಿಗಾಗುವಷ್ಟು ಬಿಸಿಬೇಳೆಬಾತು, ಕಡೆಗೆ ಮಗಳ ಕಾಲೇಜು ಹಾಸ್ಟೆಲಿನ ಹಾಸಿಗೆ. ಮಿಷಿಗನ್ನಿನ ಹನ್ನೆರಡು ಚಳಿಗಾಲಗಳನ್ನು ಕಂಡು, 1,60,000 ಮೈಲಿ ಓಡಿದ ಗಾಡಿ. ಕೊಂಡ ವರ್ಷ ತಿಪಟೂರಿನಿಂದ ಬಂದಿದ್ದ ನಮ್ಮ ಮಾವನವರು ಆ ಬಾಗಿಲು ತನ್ನಷ್ಟಕ್ಕೆ ತಾನೇ ಏಳುವುದನ್ನು ಕಂಡು, "ಇದಕ್ಕೆ ಮಂತ್ರ ಬೇರೆ ಹೇಳಬೇಕೋ, ಗುಂಡಿ ಒತ್ತಿದರೆ ಸಾಕೋ?" ಎಂದು ಕೇಳಿದ್ದರು. ಅವರು ಈಗಿಲ್ಲ. ಗಾಡಿ ಇದೆ. ನನ್ನ ಹೆಂಡತಿ ಅದನ್ನು ಮಾರಲು ಒಪ್ಪದಿರುವುದಕ್ಕೆ ಅದೂ ಒಂದು ಕಾರಣ ಎಂದು ನನ್ನ ಗುಮಾನಿ.

ಕಾಯಿಲೆ ಶುರುವಾದದ್ದು 2021ರ ಚಳಿಗಾಲದಲ್ಲಿ. ಗುಂಡಿ ಒತ್ತಿದರೆ ಬಾಗಿಲು "ಕೀಂ" ಎನ್ನುವುದು, ಒಂದು ಗೇಣು ಏಳುವುದು, ನಿಲ್ಲುವುದು, ಮೂರು ಸಲ "ಕೀಂ ಕೀಂ ಕೀಂ" ಎಂದು ಅಳುವುದು. ಕೆಲವು ದಿನ ಅರ್ಧಕ್ಕೆ ಬಂದು ನಿಲ್ಲುವುದು. ಮಾರನೆಯ ದಿನ ಏನೂ ಆಗಿಲ್ಲವೆಂಬಂತೆ ಪೂರ್ತಿ ತೆರೆದುಕೊಳ್ಳುವುದು. ಮೆಕ್ಯಾನಿಕ್ ಹತ್ತಿರ ಕರೆದುಕೊಂಡು ಹೋದರೆ, ಅವನ ಬೆಚ್ಚಗಿನ ಗರಾಜಿನಲ್ಲಿ ಹತ್ತು ಸಲ ಒತ್ತಿದರೂ ಹತ್ತು ಸಲವೂ ಸರಿಯಾಗಿ ಕೆಲಸ ಮಾಡಿತು! ರಾತ್ರಿಯಿಡೀ ಜ್ವರದಿಂದ ನರಳಿದ ಮಗು ಡಾಕ್ಟರ ವೇಟಿಂಗ್ ರೂಮಿಗೆ ಬಂದೊಡನೆ ಕುಣಿದಾಡುತ್ತದಲ್ಲ, ಹಾಗೆ. ಮೂವತ್ತು ವರ್ಷಗಳಿಂದ ಇಂಥ ತಾಯಂದಿರನ್ನು ನೋಡಿ ಒಳಗೊಳಗೇ ನಕ್ಕವನು ನಾನು. ಈಗ ಮೆಕ್ಯಾನಿಕ್ ನನ್ನನ್ನು ನೋಡಿ ನಕ್ಕ.

ಇದರ ಜೊತೆಗೆ ಇನ್ನೊಂದು ತೊಂದರೆಯೂ ಇತ್ತು. ಚಳಿ ಜಾಸ್ತಿಯಾದ ದಿನ ಬಾಗಿಲನ್ನು ಕೈಯಲ್ಲಿ ಎತ್ತಿ ಬಿಟ್ಟರೆ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಅದಕ್ಕೆ ನಾನು ಕಂಡುಕೊಂಡ ಪರಿಹಾರ, ಒಂದು ಪೊರಕೆ ಕೋಲು! ಬಾಗಿಲೆತ್ತುವುದು, ಕೋಲು ಆನಿಸುವುದು, ಸಾಮಾನು ತೆಗೆಯುವುದು. "ಡಾಕ್ಟರ ಪೊರಕೆ" ನಮ್ಮ ಕೂಟದ ಪಾರ್ಕಿಂಗ್ ಲಾಟಿನಲ್ಲಿ ಒಂದು ತಮಾಷೆಯೇ ಆಗಿಹೋಯಿತು. ನಾನೂ ನಗುತ್ತಿದ್ದೆ. ರೋಗಿಯೊಬ್ಬ "ಎದೆ ಹಿಡಿದಾಗೆಲ್ಲ ಸ್ವಲ್ಪ ಕೂತುಕೊಳ್ಳುತ್ತೇನೆ ಡಾಕ್ಟ್ರೇ, ಸರಿಹೋಗುತ್ತೆ" ಎಂದರೆ ನಾನು ನಗುವುದಿಲ್ಲ, ಬಯ್ಯುತ್ತೇನೆ. ಆದರೆ ನನ್ನ ಗಾಡಿಯ ವಿಷಯದಲ್ಲಿ ನಾನೂ ಅದೇ ರೋಗಿ.

2022ರ ನವೆಂಬರಿನಲ್ಲಿ ನಮ್ಮ ಅತ್ತೆ ಬಂದರು. ಎಪ್ಪತ್ತನಾಲ್ಕು ವರ್ಷ. ಎಲ್ಲರ ಅತ್ತೆ ಮಾವಂದಿರು ಬೇಸಿಗೆಯಲ್ಲಿ ಬಂದರೆ, ಇವರಿಗೆ ಹಿಮ ಬೀಳುವುದನ್ನು ನೋಡಬೇಕಿತ್ತು. ಅಂಗಡಿಗೆ ಹೋದಾಗ ನಾನು ಡ್ರೈವರ್ ಸೀಟಿನಲ್ಲೇ ಕುಳಿತು ಗುಂಡಿ ಒತ್ತುವವನು. ಅತ್ತೆ ಚೀಲ ಹಿಡಿದು ಗಾಡಿಯ ಹಿಂದೆ ನಿಲ್ಲುವವರು. ಡಿಸೆಂಬರಿನ ಒಂದು ಸಂಜೆ ಹೇಳಿದರು, "ಬಾಗಿಲು ನಿಂತುಹೋದಾಗ ನಂಬರಿನ ಹತ್ತಿರದ ದೀಪ ಕಣ್ಣು ಹೊಡೆಯುತ್ತೆ ಅಳಿಯಂದ್ರೇ." ನಾನು "ಹೌದಾ ಅತ್ತೆ" ಎಂದು ರೇಡಿಯೋದ ದನಿ ಏರಿಸಿದೆ. ಇನ್ನೊಂದು ವಾರಕ್ಕೆ ಮತ್ತೆ ಹೇಳಿದರು. ನಾನು "ಹಳೇ ಗಾಡಿ ಅತ್ತೆ" ಎಂದೆ. ಈ ಎರಡು ಉತ್ತರಗಳನ್ನು ನೆನಪಿಟ್ಟುಕೊಳ್ಳಿ.

2023ರ ಜನವರಿ. ನಮ್ಮ ಕೂಟದ ಸಂಕ್ರಾಂತಿ ಕಾರ್ಯಕ್ರಮ. ಅತ್ತೆ ವಾರವಿಡೀ ಕೂತು ಕೊಬ್ಬರಿ ಹೆಚ್ಚಿ, ಬೆಲ್ಲ ಕತ್ತರಿಸಿ, ನೂರೈವತ್ತು ಎಳ್ಳು ಬೆಲ್ಲದ ಪೊಟ್ಟಣ ಕಟ್ಟಿದ್ದರು. ಆ ಬೆಳಿಗ್ಗೆ ಗರಾಜಿನೊಳಗೆ ಬಾಗಿಲು ಎರಡು ಸಲವೂ ಸರಿಯಾಗಿ ಎದ್ದು ನಿಂತಿತು. ಹಿಂದಿನ ವಾರ ಕೀಲುಗಳಿಗೆ ಗ್ರೀಸ್ ಹಚ್ಚಿದ್ದೆ. "ನನ್ನ ಔಷಧಿ ನಾಟಿತು" ಎಂದುಕೊಂಡೆ. ಡಬ್ಬಗಳಿಗೆ ಜಾಗ ಬೇಕಿತ್ತು, ಪೊರಕೆ ಕೋಲನ್ನು ಮನೆಯಲ್ಲೇ ಬಿಟ್ಟೆ.

ಹಾಲ್ ತಲುಪಿದಾಗ ಹೊರಗೆ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಸೆಲ್ಸಿಯಸ್ ಕೆಳಗೆ. ಗುಂಡಿ ಒತ್ತಿ, ಬಾಗಿಲು ಏಳುವ ಸದ್ದು ಕೇಳಿಸಿಕೊಂಡು, ಸ್ಪೀಕರಿನ ವಿಷಯ ಮಾತಾಡಲು ಆ ಕಡೆ ಹೋದೆ. ಬಾಗಿಲು ಮುಕ್ಕಾಲು ಎದ್ದು ನಿಂತಿದೆ. ಅತ್ತೆ ಬಗ್ಗಿ ಡಬ್ಬ ಎಳೆದುಕೊಂಡಿದ್ದಾರೆ. ಬಾಗಿಲು ಬಿತ್ತು.

ನಾನು ತಿರುಗಿದಾಗ ಅವರು ಹಿಮದ ಮೇಲೆ ಕುಳಿತಿದ್ದರು. ಹಣೆಯಿಂದ ರಕ್ತ. ಸುತ್ತ ಬಿಳಿಯ ಎಳ್ಳು, ಕೊಬ್ಬರಿ, ಸಕ್ಕರೆ ಅಚ್ಚಿನ ಚೂರು. ಅವರ ಮೊದಲ ಮಾತು, "ಪೊಟ್ಟಣ ಒದ್ದೆಯಾಗುತ್ತೆ, ಎತ್ತಿಕೊಳ್ಳಿ."

ಗಾಯ ದೊಡ್ಡದಲ್ಲ. ಐದು ಹೊಲಿಗೆ. ಆದರೆ ಅತ್ತೆಗೆ ಹೃದಯದ ತಾಳ ತಪ್ಪುವ ತೊಂದರೆ ಇದೆ, ಅದಕ್ಕಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಅಂಥವರ ತಲೆಗೆ ಪೆಟ್ಟು ಬಿದ್ದರೆ, ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ, ಒಳಗೆ ರಕ್ತಸ್ರಾವ ಆಗಿದೆಯೇ ಎಂದು ಸಿ.ಟಿ. ಸ್ಕ್ಯಾನ್ ಮಾಡಿಯೇ ನೋಡಬೇಕು. (ಓದುಗರೇ, ಇದೊಂದನ್ನು ದಯವಿಟ್ಟು ನೆನಪಿಡಿ. ನಿಮ್ಮ ಮನೆಗೆ ಬರುವ ಹಿರಿಯರು ಅಂಥ ಮಾತ್ರೆಯಲ್ಲಿದ್ದು ತಲೆಗೆ ಏಟು ಮಾಡಿಕೊಂಡರೆ "ಸ್ವಲ್ಪ ಅರಿಶಿನ ಹಚ್ಚಿದರೆ ಸಾಕು" ಎಂದು ಕೂರಬೇಡಿ. ನೇರ ಎಮರ್ಜೆನ್ಸಿಗೆ ಹೋಗಿ.) ಅಲ್ಲಿ ನಾಲ್ಕು ಗಂಟೆ ಕುಳಿತೆ. ಎಷ್ಟೋ ಕುಟುಂಬಗಳಿಗೆ "ರಿಪೋರ್ಟ್ ಬರಲಿ, ಗಾಬರಿ ಬೇಡ" ಎಂದು ಹೇಳಿದವನು ನಾನು. ಆ ಮಾತು ಕೇಳಿಸಿಕೊಳ್ಳುವವನಿಗೆ ಎಷ್ಟು ಟೊಳ್ಳಾಗಿ ಕೇಳಿಸುತ್ತದೆ ಎಂದು ಅವತ್ತು ತಿಳಿಯಿತು. ನನ್ನ ಹೆಂಡತಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಸ್ಕ್ಯಾನ್ ಸರಿಯಾಗಿತ್ತು. ಆದರೂ ಆ ರಾತ್ರಿ ಎರಡು ಗಂಟೆಗೊಮ್ಮೆ ಅವರನ್ನು ಎಬ್ಬಿಸಿ ಹೆಸರು, ದಿನ ಕೇಳಿದೆ. ಮೂರನೆಯ ಸಲಕ್ಕೆ, "ನನಗೆ ನನ್ನ ಹೆಸರು ಗೊತ್ತು, ನೀವು ಮಲಗಿ" ಎಂದರು. ಬೆಳಿಗ್ಗೆ ತಿಪಟೂರಿಗೆ ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತು: "ಏನಿಲ್ಲ, ಹಿಮದಲ್ಲಿ ಕಾಲು ಜಾರಿತು." ಅಳಿಯನ ಮರ್ಯಾದೆ ಉಳಿಸಲು ಆಡಿದ ಸುಳ್ಳು. ಅದು ಬಾಗಿಲಿಗಿಂತ ಜೋರಾಗಿ ನನ್ನ ತಲೆಗೆ ಬಡಿಯಿತು.

ಈಗ ಸ್ವಲ್ಪ ಅಂಗರಚನಾ ಶಾಸ್ತ್ರ. ಇಂಥ ಬಾಗಿಲಿನಲ್ಲಿ ಏನೇನಿರುತ್ತದೆ? ಎರಡು ಬದಿಯಲ್ಲಿ ಗ್ಯಾಸ್ ಸ್ಟ್ರಟ್ ಎಂಬ ಕೊಳವೆಗಳು. ಒಳಗೆ ಒತ್ತಡದಲ್ಲಿ ತುಂಬಿದ ನೈಟ್ರೋಜನ್. ಬಾಗಿಲಿನ ಭಾರವನ್ನು ಹೊರುವ ತೋಳುಗಳು ಇವೇ. ಎತ್ತಿ ಇಳಿಸುವುದಕ್ಕೆ ಒಂದು ಮೋಟಾರು. ಕೆಲವು ಗಾಡಿಗಳಲ್ಲಿ ಅದು ಪಕ್ಕದ ಕಂಬದಲ್ಲಿರುತ್ತದೆ, ನಮ್ಮದರಲ್ಲಿ ಬಾಗಿಲಿನ ಒಳಗೇ ಇದೆ. ಮೋಟಾರಿಗೂ ಬಾಗಿಲಿಗೂ ನಡುವೆ ವಿದ್ಯುತ್ತಿನಿಂದ ಹಿಡಿದುಕೊಳ್ಳುವ ಒಂದು ಕ್ಲಚ್. ಕರೆಂಟು ತಪ್ಪಿದರೆ ಕ್ಲಚ್ ಬಿಟ್ಟುಕೊಳ್ಳುತ್ತದೆ, ಆಗ ಬಾಗಿಲನ್ನು ಕೈಯಿಂದ ಎತ್ತಿಳಿಸಬಹುದು. ಕೆಳಗೆ ಬಾಗಿಲನ್ನು ಹಿಡಿದೆಳೆದು ಬಿಗಿಯುವ ಚಿಲಕ. ಅಂಚಿನಲ್ಲಿ ಕೈ ಸಿಕ್ಕಿಕೊಂಡರೆ ತಿಳಿಯುವ ಸ್ಪರ್ಶದ ಪಟ್ಟಿಗಳು. ಇವೆಲ್ಲಕ್ಕೂ ಆಜ್ಞೆ ಕೊಡುವ ಒಂದು ಪುಟ್ಟ ಕಂಪ್ಯೂಟರ್, ಅದೇ ಮಿದುಳು. ಮಿದುಳಿಗೂ ಅಂಗಗಳಿಗೂ ನಡುವೆ ನರಗಳಂತೆ ತಂತಿಗಳು.

ಮೊದಲು ಮಾಡಿದ ಕೆಲಸ ಸ್ಟ್ರಟ್ ಬದಲಾಯಿಸಿದ್ದು. ಜೋಡಿಗೆ 62 ಡಾಲರ್, ಅರ್ಧ ಗಂಟೆಯ ಕೆಲಸ. ಎರಡು ವರ್ಷ ಪೊರಕೆ ಹಿಡಿದು ಉಳಿಸಿದ ದುಡ್ಡು ಇಷ್ಟೇ! ಸ್ಟ್ರಟ್ಟಿನ ಸೀಲಿನಿಂದ ವರ್ಷಾನುಗಟ್ಟಲೆ ಗ್ಯಾಸ್ ಸೋರಿ ಶಕ್ತಿ ಕುಂದುತ್ತದೆ. ಚಳಿಯಲ್ಲಿ ಗ್ಯಾಸಿನ ಒತ್ತಡ ಇನ್ನೂ ತಗ್ಗುತ್ತದೆ. ಪಿ.ಯು.ಸಿ.ಯಲ್ಲಿ ಓದಿದ ಲೆಕ್ಕ ಹಾಕಿ ನೋಡಿದೆ. ನಮ್ಮ ಗರಾಜಿನ 15 ಡಿಗ್ರಿಯಿಂದ ಹೊರಗಿನ ಮೈನಸ್ 14ಕ್ಕೆ ಹೋದಾಗ ಹತ್ತರಲ್ಲಿ ಒಂದು ಪಾಲು ಒತ್ತಡ ಹೋಗುತ್ತದೆ. ಗರಾಜಿನಲ್ಲಿ ಹೇಗೋ ನಿಂತ ಬಾಗಿಲು ಹಾಲಿನ ಮುಂದೆ ಬಿದ್ದದ್ದು ಹೀಗೆ.

ಹೊಸ ಸ್ಟ್ರಟ್ ಹಾಕಿದ ಮೇಲೆ ಬಾಗಿಲು ಬೀಳುವುದು ನಿಂತಿತು. ಆದರೆ ಗುಂಡಿ ಒತ್ತಿದರೆ ಅದೇ ಅರ್ಧ ದಾರಿ, ಅದೇ ಅಳು. ನಮ್ಮ ವೈದ್ಯಶಾಸ್ತ್ರದಲ್ಲೂ ಇದುಂಟು. ವಯಸ್ಸಾದ ರೋಗಿಗೆ ಒಂದೇ ಕಾಯಿಲೆ ಇರಬೇಕೆಂಬ ನಿಯಮವಿಲ್ಲ. ಒಂದು ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಬಾರದು.

ಡೀಲರ ಹತ್ತಿರ ಹೋದೆ. ಮೋಟಾರು ಕೆಟ್ಟಿದೆ, ಬದಲಾಯಿಸಬೇಕು, 1,640 ಡಾಲರ್ ಎಂದರು. ಗಾಡಿಯ ಬೆಲೆಯೇ ಅದರ ಎರಡು ಪಟ್ಟು ಇದ್ದರೆ ಹೆಚ್ಚು. ಮೂಗಿಗಿಂತ ಮೂಗುತಿ ಭಾರ! "ಹೇಗೆ ಗೊತ್ತಾಯಿತು?" ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಬುದ್ಧಿವಂತಿಕೆ ತೋರಿಸಿ ಹಳೆಯ ಗಾಡಿ ಒಡೆಯುವ ಯಾರ್ಡಿನಿಂದ 240 ಡಾಲರಿಗೆ ಮೋಟಾರು ತಂದೆ. ಜೋಡಿಸಿದವನಿಗೆ 180. ಮೂರು ದಿನ ಚೆನ್ನಾಗಿತ್ತು. (ಆ ಮೂರು ದಿನ ಬಿಸಿಲಿತ್ತು ಎಂಬುದು ಆಮೇಲೆ ಹೊಳೆಯಿತು.) ನಾಲ್ಕನೆಯ ದಿನ ಕೀಂ ಕೀಂ ಕೀಂ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ. ಅದೂ ಬೇರೆಯವರ ಎಮ್ಮೆಯನ್ನು ಕೊಂಡು ತಂದು!

ಆಮೇಲೆ ಮಲ್ಟಿಮೀಟರ್ ಕೊಂಡೆ. ಬ್ಯಾಟರಿ ನೋಡಿದೆ, 12.6 ವೋಲ್ಟ್, ಆರೋಗ್ಯವಾಗಿದೆ. ಫ್ಯೂಸ್ ಸರಿ. ಬಾಗಿಲಿಗೆ ಹೋಗುವ ತಂತಿಗಳನ್ನು ಒಂದೊಂದಾಗಿ ಈ ತುದಿಯಿಂದ ಆ ತುದಿಗೆ ಪರೀಕ್ಷಿಸಿದೆ. ಎಲ್ಲವೂ ಕೂಡಿಕೊಂಡಿವೆ ಎಂದು ಮೀಟರ್ ಬೀಪ್ ಎಂದಿತು. "ತಂತಿಯಲ್ಲಿ ದೋಷವಿಲ್ಲ" ಎಂದು ಡೈರಿಯಲ್ಲಿ ಬರೆದಿಟ್ಟೆ. ಉಳಿದದ್ದು ಮಿದುಳು. ಹೊಸ ಮಿದುಳಿಗೆ ಆರ್ಡರ್ ಕೊಡುವ ಮುನ್ನ, ನಮ್ಮ ಕೂಟದ ಗೆಳೆಯರೊಬ್ಬರಿಗೆ ಫೋನ್ ಮಾಡಿದೆ. ಡೆಟ್ರಾಯ್ಟ್ ಸುತ್ತಮುತ್ತ ಬೇರೇನಿಲ್ಲದಿದ್ದರೂ ಆಟೋಮೊಬೈಲ್ ಇಂಜಿನಿಯರುಗಳಿಗೆ ಬರವಿಲ್ಲ. ಇವರು ಇಪ್ಪತ್ತು ವರ್ಷ ಗಾಡಿಗಳ ವೈರಿಂಗಿನಲ್ಲೇ ಕೂದಲು ನರೆಸಿಕೊಂಡವರು.

ಭಾನುವಾರ ಬಂದರು. ನಾನು ಮೀಟರು, ಡೈರಿ, ಹಳೆಯ ಮೋಟಾರು ಎಲ್ಲವನ್ನೂ ಕೇಸ್ ಷೀಟಿನಂತೆ ಅವರ ಮುಂದಿಟ್ಟೆ. ಅವರು ಯಾವುದನ್ನೂ ಮುಟ್ಟಲಿಲ್ಲ. ಕಾಫಿ ಕುಡಿಯುತ್ತ ಕೇಳಿದರು, "ಡಾಕ್ಟ್ರೇ, ಬಾಗಿಲು ಕೈಕೊಟ್ಟಾಗ ಗಾಡಿಯಲ್ಲಿ ಬೇರೆ ಏನಾದರೂ ಆಗುತ್ತಾ?"

"ಏನೂ ಇಲ್ಲ" ಎಂದೆ.

ಗರಾಜಿನ ಬಾಗಿಲಲ್ಲಿ ಶಾಲು ಹೊದ್ದು ನಿಂತಿದ್ದ ಅತ್ತೆ ಮೆಲ್ಲಗೆ ಹೇಳಿದರು, "ನಂಬರಿನ ಹತ್ತಿರದ ದೀಪ ಕಣ್ಣು ಹೊಡೆಯುತ್ತೆ."

ಗೆಳೆಯರು ಕಾಫಿ ಲೋಟ ಕೆಳಗಿಟ್ಟರು. "ಅಮ್ಮಾ, ಯಾವಾಗ? ಮೊದಲೋ ಆಮೇಲೋ? ಪೂರ್ತಿ ಆರುತ್ತೋ, ಮಂಕಾಗುತ್ತೋ?" ಎಂದು ಐದು ನಿಮಿಷ ಕೇಳಿದರು. ಅತ್ತೆ ಎಲ್ಲಕ್ಕೂ ಉತ್ತರ ಕೊಟ್ಟರು. ಬಾಗಿಲು ಏಳಲು ಹೊರಟಾಗ ದೀಪ ಮಂಕಾಗುತ್ತೆ, ಬಾಗಿಲು ನಿಂತ ಮೇಲೆ ಮತ್ತೆ ಬೆಳಗುತ್ತೆ. ತುಂಬಾ ಚಳಿಯಿದ್ದ ದಿನ ಹೆಚ್ಚು. ಹಿಂದಿನ ಗಾಜಿನ ವೈಪರೂ ಒಂದು ದಿನ ಅರ್ಧಕ್ಕೆ ನಿಂತಿತ್ತು.

ನಾನು ಮೈಸೂರಿನ ಕೆ.ಆರ್. ಆಸ್ಪತ್ರೆಯ ವಾರ್ಡಿನಲ್ಲಿ ನಿಂತ ಹಾಗಾಯಿತು. ರೋಗಿಯ ಮಾತು ಕೇಳದೆ ಎಕ್ಸರೇ ಮೇಲೆತ್ತಿ ನೋಡಿದ ವಿದ್ಯಾರ್ಥಿಯನ್ನು ನಮ್ಮ ಪ್ರೊಫೆಸರರು ವಾರ್ಡಿನಿಂದಲೇ ಹೊರಗೆ ಕಳಿಸುತ್ತಿದ್ದರು. ಮೊದಲು ಹಿಸ್ಟರಿ, ಆಮೇಲೆ ಪರೀಕ್ಷೆ, ಕಡೆಗೆ ಯಂತ್ರ. ಇಲ್ಲಿ ಹಿಸ್ಟರಿ ಎರಡು ತಿಂಗಳಿನಿಂದ ನಮ್ಮ ಮನೆಯಲ್ಲೇ ಅವಲಕ್ಕಿ ಒಗ್ಗರಣೆ ಹಾಕಿಕೊಂಡು ಕೂತಿತ್ತು. ಅದೂ ಎರಡು ಸಲ ತಾನಾಗಿ ಬಾಯಿಬಿಟ್ಟಿತ್ತು. ನಾನು ರೇಡಿಯೋ ಏರಿಸಿದ್ದೆ.

ಗೆಳೆಯರು ವಿವರಿಸಿದರು. ಮೋಟಾರು, ವೈಪರು, ನಂಬರಿನ ದೀಪ, ಮೂರೂ ಬಾಗಿಲಿನಲ್ಲಿವೆ. ಮೂರಕ್ಕೂ ಕರೆಂಟು ಬೇರೆ ಬೇರೆ ತಂತಿಯಲ್ಲಿ ಬರುತ್ತದೆ. ಆದರೆ ಕೆಲಸ ಮುಗಿಸಿದ ಕರೆಂಟು ಬ್ಯಾಟರಿಗೆ ಹಿಂತಿರುಗುವುದು ಒಂದೇ ಕಪ್ಪು ತಂತಿಯಲ್ಲಿ. ಅದಕ್ಕೆ ಗ್ರೌಂಡ್ ಎನ್ನುತ್ತಾರೆ. ನಾನು ಅರ್ಥಮಾಡಿಕೊಂಡದ್ದು ಹೀಗೆ: ಅಪಧಮನಿಗಳು ಮೂರು, ಅಭಿಧಮನಿ ಒಂದೇ. ಮೂರೂ ಕಡೆ ಒಟ್ಟಿಗೆ ತೊಂದರೆ ಕಂಡರೆ ಮೂರನ್ನೂ ಸಂಶಯಿಸಬಾರದು, ಮೂರಕ್ಕೂ ಸೇರಿದ್ದನ್ನು ಸಂಶಯಿಸಬೇಕು.

"ಆದರೆ ಆ ತಂತಿಯನ್ನೂ ಮೀಟರಿಟ್ಟು ನೋಡಿದ್ದೆನಲ್ಲ, ಬೀಪ್ ಎಂದಿತಲ್ಲ!" ಎಂದೆ. ಅವರು ನಕ್ಕರು. "ತಂತಿಯಲ್ಲಿ ಹತ್ತಾರು ಎಳೆ ಇರುತ್ತವೆ. ಎಲ್ಲ ಕಿತ್ತುಹೋಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತೆ. ಯಾಕೆಂದರೆ ಮೀಟರ್ ಕಳಿಸುವುದು ಇರುವೆಯಷ್ಟು ಕರೆಂಟು. ಮೋಟಾರಿಗೆ ಬೇಕಾದದ್ದು ಆನೆಯಷ್ಟು. ಭಾರ ಹೊರಿಸಿ ನೋಡಬೇಕು ಡಾಕ್ಟ್ರೇ."

ಥಟ್ಟನೆ ಹೊಳೆಯಿತು. ಟ್ರೆಡ್‌ಮಿಲ್ ಟೆಸ್ಟ್! ಸುಮ್ಮನೆ ಮಲಗಿರುವವನ ಇ.ಸಿ.ಜಿ. ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಹೃದಯದ ರಕ್ತನಾಳ ಕಿರಿದಾಗಿರುವುದು ತಿಳಿಯುವುದು ಅವನನ್ನು ಓಡಿಸಿದಾಗ. ಇದನ್ನೇ ದಿನವೂ ರೋಗಿಗಳಿಗೆ ಹೇಳುವವನು ನಾನು, ಮಲಗಿದ್ದ ತಂತಿಯ ಇ.ಸಿ.ಜಿ. ತೆಗೆದು "ನಾರ್ಮಲ್" ಎಂದು ಷರಾ ಬರೆದಿದ್ದೆ.

ಗೆಳೆಯರು ಮೀಟರಿನ ಒಂದು ತುದಿಯನ್ನು ಬಾಗಿಲಿನೊಳಗಿನ ಗ್ರೌಂಡಿಗೂ ಇನ್ನೊಂದನ್ನು ಗಾಡಿಯ ಮೈಯ ಬರಿಯ ಲೋಹಕ್ಕೂ ತಾಗಿಸಿ ವೋಲ್ಟೇಜ್ ನೋಡಲು ಇಟ್ಟರು. "ಈಗ ಗುಂಡಿ ಒತ್ತಿ." ತಂತಿ ಆರೋಗ್ಯವಾಗಿದ್ದರೆ ಅಲ್ಲಿ ಅರ್ಧ ವೋಲ್ಟೂ ಕಾಣಬಾರದು. ಕಂಡದ್ದು 4.8 ವೋಲ್ಟ್! ಬ್ಯಾಟರಿಯ ಮೂರನೆಯ ಒಂದು ಪಾಲಿಗೂ ಹೆಚ್ಚು ಶಕ್ತಿ ಆ ತಂತಿಯಲ್ಲೇ ಕಳೆದುಹೋಗುತ್ತಿತ್ತು. ಉಳಿದ ಅರೆಹೊಟ್ಟೆಯ ಶಕ್ತಿಯಲ್ಲಿ ಮೋಟಾರು ಏದುಸಿರು ಬಿಡುತ್ತಿತ್ತು, ಮಿದುಳು ಗಾಬರಿಯಾಗಿ ನಿಲ್ಲಿಸುತ್ತಿತ್ತು, ಕ್ಲಚ್ ಬಿಟ್ಟುಕೊಳ್ಳುತ್ತಿತ್ತು. ಆಗ ಭಾರವೆಲ್ಲ ಸ್ಟ್ರಟ್ಟಿನ ಮೇಲೆ. ಸ್ಟ್ರಟ್ಟಿಗೆ ಶಕ್ತಿಯಿಲ್ಲ. ಅತ್ತೆಯ ಹಣೆಯ ಗಾಯಕ್ಕೆ ಎರಡು ರೋಗಗಳೂ ಬೇಕಾಗಿದ್ದವು. ಎರಡರಲ್ಲಿ ಯಾವುದೊಂದನ್ನು ನಾನು ಮೊದಲೇ ಗುಣಪಡಿಸಿದ್ದರೂ ಅವತ್ತು ಬಾಗಿಲು ಬೀಳುತ್ತಿರಲಿಲ್ಲ.

ಬಾಗಿಲಿನ ಮೇಲ್ತುದಿಯಲ್ಲಿ, ಕೀಲಿನ ಪಕ್ಕ, ಆನೆಯ ಸೊಂಡಿಲಿನಂಥ ರಬ್ಬರ್ ಕೊಳವೆಯೊಂದಿರುತ್ತದೆ. ಮೈಯಿಂದ ಬಾಗಿಲಿಗೆ ಹೋಗುವ ಎಲ್ಲ ತಂತಿಗಳೂ ಅದರೊಳಗೆ. ಅದನ್ನು ಬಿಡಿಸಿದೆವು. ಕಪ್ಪು ತಂತಿಯ ಪ್ಲಾಸ್ಟಿಕ್ ಹೊದಿಕೆ ಒಂದು ಕಡೆ ಬಿರುಕು ಬಿಟ್ಟಿತ್ತು. ಒಳಗೆ ತಾಮ್ರ ಹಸಿರುಗಟ್ಟಿತ್ತು. ಎಣಿಸಿದರೆ ಕೂಡಿಕೊಂಡಿದ್ದದ್ದು ಮೂರೇ ಎಳೆ. ದಿನಕ್ಕೆ ಆರು ಸಲ ಬಾಗಿಲು ತೆರೆದರೂ ಹನ್ನೆರಡು ವರ್ಷಕ್ಕೆ 26,000 ಸಲ ಆ ತಂತಿ ಅದೇ ಜಾಗದಲ್ಲಿ ಬಾಗಿ ನೆಟ್ಟಗಾಗಿದೆ. ಚಳಿಯಲ್ಲಿ ಪ್ಲಾಸ್ಟಿಕ್ ಗಡುಸಾಗಿ ಕಷ್ಟ ಇನ್ನೂ ಹೆಚ್ಚು. ಬಿರುಕು ಬಿಟ್ಟ ಮೇಲೆ ನಮ್ಮೂರ ಉಪ್ಪುನೀರು ಬೇರೆ. (ಡೆಟ್ರಾಯ್ಟ್ ನಗರದ ಕೆಳಗೆ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿಯಿದೆ. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಅಲ್ಲಿಂದಲೂ ಬರುತ್ತದೆ.)

ಅತ್ತೆ ಬಗ್ಗಿ ನೋಡಿ ಹೇಳಿದರು, "ಬಾವಿ ಹಗ್ಗವೂ ಹೀಗೇ. ಕಿತ್ತುಹೋಗುವುದು ರಾಟೆಯ ಮೇಲೆ ಹಾಯುವ ಜಾಗದಲ್ಲೇ." ಗೆಳೆಯರು ಇಪ್ಪತ್ತು ವರ್ಷದಲ್ಲಿ ಕಲಿತದ್ದನ್ನು ಅತ್ತೆ ತಿಪಟೂರಿನ ಬಾವಿಕಟ್ಟೆಯಲ್ಲೇ ಕಲಿತುಬಿಟ್ಟಿದ್ದರು!

ರಿಪೇರಿ ಸರಳ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಬಾಗಿಲಿಗೆ ಗಟ್ಟಿ ಮರದ ಆಸರೆ ಕೊಟ್ಟು, ಕೆಟ್ಟ ಭಾಗವನ್ನು ಕತ್ತರಿಸಿ, ಸಣ್ಣ ಎಳೆಗಳ ಮೆತ್ತನೆಯ ಹೊಸ ತಂತಿ ಹಾಕಿದೆವು. ಇಲ್ಲೊಂದು ಗುಟ್ಟಿದೆ. ಜೋಡಣೆ ಸೊಂಡಿಲಿನ ಬಾಗುವ ಭಾಗದಲ್ಲಿ ಬರಕೂಡದು. ಜೋಡಿಸಿದ ಜಾಗ ಗಡುಸು, ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಹಾಗಾಗಿ ಉದ್ದನೆಯ ತಂತಿ ಹಾಕಿ, ಒಂದು ಜೋಡಣೆಯನ್ನು ಮೈಯ ಒಳಗೆ, ಇನ್ನೊಂದನ್ನು ಬಾಗಿಲಿನ ಒಳಗೆ ಇಟ್ಟು, ಬಿಸಿ ಮಾಡಿದರೆ ಕುಗ್ಗಿ ಅಂಟಿಕೊಳ್ಳುವ ತೋಳುಗಳಿಂದ ಮುಚ್ಚಿದೆವು. ಖರ್ಚು 18 ಡಾಲರ್. ಮತ್ತೆ ಮೀಟರಿಟ್ಟು ಗುಂಡಿ ಒತ್ತಿದರೆ 0.1 ವೋಲ್ಟ್. ಬಾಗಿಲು ಮಾವನವರ ಕಾಲದಲ್ಲಿ ಎದ್ದ ಹಾಗೆ ಎದ್ದಿತು. ಕತ್ತಲಾಗುವವರೆಗೂ ಅತ್ತೆ ಹಿಂದೆ ನಿಂತು ದೀಪವನ್ನೇ ನೋಡುತ್ತಿದ್ದರು. "ಈಗ ಕಣ್ಣು ಹೊಡೆಯುತ್ತಿಲ್ಲ" ಎಂದು ಸರ್ಟಿಫಿಕೇಟ್ ಕೊಟ್ಟ ಮೇಲೆಯೇ ಒಳಗೆ ಹೋದರು.

ಹಳೆಯ ಗಾಡಿ ಇಟ್ಟುಕೊಂಡಿರುವ ನಮ್ಮ ಕೂಟದ ಬಂಧುಗಳಿಗಾಗಿ ನಾಲ್ಕು ಮಾತು, ವೈದ್ಯರ ಚೀಟಿ ಎಂದೇ ತಿಳಿಯಿರಿ.

ಮೊದಲನೆಯದು, ಬೀಳುವ ಬಾಗಿಲಿಗೆ ಚಿಕಿತ್ಸೆ ಇವತ್ತೇ. ಬಾಗಿಲನ್ನು ಕೈಯಿಂದ ತೆರೆದು ಚಳಿಯಲ್ಲಿ ಹತ್ತು ನಿಮಿಷ ಬಿಡಿ. ತಾನಾಗಿ ಇಳಿದರೆ ಸ್ಟ್ರಟ್ ಮುಗಿದಿದೆ. ಎರಡನ್ನೂ ಒಟ್ಟಿಗೆ ಬದಲಾಯಿಸಿ. ಹಳೆಯದನ್ನು ಕೊರೆಯುವುದು, ಕಾಯಿಸುವುದು ಬೇಡ, ಒಳಗೆ ಒತ್ತಡವಿರುತ್ತದೆ. ಪೊರಕೆ ಕೋಲು ಕಸ ಗುಡಿಸಲಿಕ್ಕೆ.

ಎರಡನೆಯದು, ಸುಲಭದ್ದನ್ನು ಮೊದಲು ನೋಡಿ. ಗೇರ್ ಪಾರ್ಕಿನಲ್ಲಿದೆಯೇ? ಈ ಬಾಗಿಲನ್ನು ಪೂರ್ತಿ ನಿಲ್ಲಿಸುವ ಒಂದು ಸ್ವಿಚ್ಚು ಕೆಲವು ಗಾಡಿಗಳಲ್ಲಿರುತ್ತದೆ, ಮಕ್ಕಳು ಒತ್ತಿಬಿಟ್ಟಿದ್ದಾರೆಯೇ? ಫ್ಯೂಸ್ ಸರಿಯಿದೆಯೇ? ಬ್ಯಾಟರಿ ಸೊರಗಿದೆಯೇ? ಅಂಚಿನಲ್ಲಿ ಹಿಮಗಡ್ಡೆ ಕೂತಿದೆಯೇ? ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಬಾಗಿಲು ತನ್ನ ಅಳತೆಯನ್ನೇ ಮರೆಯುವುದುಂಟು. ಅದಕ್ಕೆ ಪುನಃ ಕಲಿಸುವ ಕ್ರಮ ಗಾಡಿಯ ಕೈಪಿಡಿಯಲ್ಲಿರುತ್ತದೆ.

ಮೂರನೆಯದು, ನಿಮ್ಮ ಗಾಡಿಯ ಹದಿನೇಳು ಅಕ್ಷರ ಅಂಕಿಗಳ ವಿ.ಐ.ಎನ್. ಕೊಟ್ಟರೆ, ಅದಕ್ಕೆ ಬಾಕಿ ಉಳಿದ ರೀಕಾಲ್ ಇದೆಯೇ ಎಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ, ಅಂದರೆ ಎನ್.ಎಚ್.ಟಿ.ಎಸ್.ಎ., ಉಚಿತವಾಗಿ ತಿಳಿಸುತ್ತದೆ. ನಮ್ಮದಕ್ಕೆ ಇರಲಿಲ್ಲ, ನಿಮ್ಮದಕ್ಕೆ ಇರಬಹುದು. ಇನ್ನು ಮಾಡಿನ ಬಟ್ಟೆ ಬಿಚ್ಚುವಾಗ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಕೈ ಹಿಂದಕ್ಕೆ ತೆಗೆದುಕೊಳ್ಳಿ. ಅದು ಏರ್‌ಬ್ಯಾಗಿನದು.

ನಾಲ್ಕನೆಯದು, ಯಾವುದೇ ಭಾಗ ಬದಲಾಯಿಸುವ ಮುನ್ನ, ಹೇಳುವವರು ಯಾರೇ ಆಗಲಿ, "ಹೇಗೆ ಗೊತ್ತಾಯಿತು?" ಎಂದು ಕೇಳಿ. ಗಾಡಿಯ ಹಿಂದೆ ದಿನಾ ನಿಲ್ಲುವವರನ್ನೂ ಕೇಳಿ. ಗುಂಡಿ ಒತ್ತುವವನಿಗೆ ಕಾಣದ್ದು ಅವರಿಗೆ ಕಂಡಿರುತ್ತದೆ.

ಅತ್ತೆ 2023ರ ಯುಗಾದಿ ಮುಗಿಸಿಕೊಂಡು ಊರಿಗೆ ಹೊರಟರು. ಏರ್‌ಪೋರ್ಟಿನಲ್ಲಿ ಬಾಗಿಲು ಕೀಂ ಎಂದು ಎದ್ದು ನಿಂತಿತು. ಅವರ ಎರಡು ಸೂಟ್‌ಕೇಸ್ ಇಳಿಸಿದೆ. ಹಣೆಯ ಮೇಲೆ ಕುಂಕುಮದ ಪಕ್ಕದಲ್ಲಿ ಸಣ್ಣ ಗೆರೆ ಇನ್ನೂ ಇತ್ತು. "ಕ್ಷಮಿಸಿ ಅತ್ತೆ" ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಹೇಳಿದೆ. ಅವರು, "ಬಾಗಿಲು ಬಿದ್ದದ್ದಕ್ಕೋ, ಮಾತು ಕೇಳದಿದ್ದದ್ದಕ್ಕೋ?" ಎಂದು ನಕ್ಕರು.

ಈಗಲೂ ಭಾನುವಾರ ಫೋನ್ ಮಾಡಿದಾಗ ಮಗಳು, ಮೊಮ್ಮಕ್ಕಳ ಯೋಗಕ್ಷೇಮವೆಲ್ಲ ಆದ ಮೇಲೆ, "ದೀಪ ಸರಿಯಿದೆಯಾ ಅಳಿಯಂದ್ರೇ?" ಎಂದು ಕೇಳುತ್ತಾರೆ. ಹೊರಗೆ ಹೋಗಿ ನೋಡಿಕೊಂಡು ಬಂದೇ ಉತ್ತರ ಕೊಡುತ್ತೇನೆ.